ಡ್ರಮ್ ಇರಬೇಕೋ, ಫ್ರಿಜ್ ಬರಬೇಕೋ

ಟಿವಿಯಲ್ಲಿ ಒಂದೇ ಒಂದು ಸಲ ಕಾಣಿಸಿಕೊಂಡರೆ ಸಾಕು, ಮನೆಯಲ್ಲಿ ನನ್ನ ಸ್ಥಾನಮಾನ ತಾನಾಗಿಯೇ ಏರುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಕಾಣಿಸಿಕೊಂಡೆ ಕೂಡ. ಸ್ಥಾನಮಾನದ ವಿಷಯ ಆಮೇಲೆ ಹೇಳುತ್ತೇನೆ.

ನಾನು ಗೋವೆಯ ಸಡಾ ಗುಡ್ಡದ ಮೇಲಿನ ಬಸವರಾಜ. ಹಗಲು ಟೆಂಪೋ ಓಡಿಸುತ್ತೇನೆ, ಸಂಜೆ ಡ್ರಮ್ ಬಾರಿಸುತ್ತೇನೆ. ನಮ್ಮದೊಂದು ರಾಕ್ ಬ್ಯಾಂಡ್ ಇದೆ, ಹೆಸರು ‘ಗುಡ್ಡದ ಗುಡುಗು’. ಬಂದರಿನಲ್ಲಿ ಲಾರಿ ಓಡಿಸುವ ದಸ್ತಗೀರ ಕನ್ನಡದಲ್ಲಿ ಹಾಡುತ್ತಾನೆ. ಕನ್ನಡದ ಒಂದಕ್ಷರ ಬಾರದ ಗೋವೆಯ ಸಾವಿಯೋ ಗಿಟಾರ್ ನುಡಿಸುತ್ತಾನೆ. ಹಿಂದೆ ಕೂತು ಇಬ್ಬರನ್ನೂ ದಾರಿ ತಪ್ಪದಂತೆ ನೋಡಿಕೊಳ್ಳುವವನು ನಾನು. ಇದು ನನ್ನ ಅಭಿಪ್ರಾಯ. ಅವರಿಬ್ಬರ ಅಭಿಪ್ರಾಯ ಇಲ್ಲಿ ಬೇಡ.

ನಮ್ಮ ಮನೆ ಎಂದರೆ ಒಂದೂವರೆ ಕೋಣೆ. ಆ ಅರ್ಧ ಕೋಣೆಯಲ್ಲಿ ಡ್ರಮ್ ಸೆಟ್ಟೂ ಬ್ಯಾಂಡಿನ ಹಳೆಯ ಮೈಕ್ ಸ್ಟ್ಯಾಂಡೂ ಇದ್ದವು. ನನ್ನ ಹೆಂಡತಿ ಸಾವಿತ್ರಿ ದೊಡ್ಡ ಡ್ರಮ್ಮಿನ ಮೇಲೆ ಹಪ್ಪಳ ಒಣಗಿಸುತ್ತಿದ್ದಳು, ಹಿತ್ತಾಳೆ ತಾಳದ ಮೇಲೆ ಒದ್ದೆ ಟವೆಲ್ ಹಾಕುತ್ತಿದ್ದಳು. ಆ ಜಾಗದಲ್ಲಿ ಫ್ರಿಜ್ ಇಡಬೇಕೆಂಬುದು ಅವಳ ಬಹುಕಾಲದ ಆಸೆ.

“ಈ ಸೆಕಿಗೆ ಹಾಲು ಮಧ್ಯಾಹ್ನದಾಗ ಒಡದು ಹೋಗತಾವು. ನಿಮ್ಮ ಡ್ರಮ್ ಹಾಲು ಕಾಯತೈತೇನ್ರಿ?” ಎಂದಳು ಒಂದು ದಿನ.

“ಅದು ಕಲಾ. ಕಲಾಕ್ಕ ಬೆಲಿ ಕೊಡು,” ಎಂದೆ.

“ಆತು. ಅಪ್ಪನ್ನ ಕರೀರಿ. ನೀವು ಬಾರಿಸಿದ್ದ ನೋಡಿ ಅಂವ ಒಮ್ಮಿ ಶಾಬಾಸ್ ಅಂದ್ರ ಡ್ರಮ್ ಇರಲಿ. ಇಲ್ಲಂದ್ರ ಫ್ರಿಜ್ ಬರತೈತಿ.”

ಒಪ್ಪಿದೆ. ಒಪ್ಪಿದ ಮೇಲೆ ಬೆವರಿದೆ. ಸಾವಿತ್ರಿಯ ಅಪ್ಪ ನನಗೆ ಸೋದರಮಾವ. ಅಕ್ಕನ ಮಗನಿಗೇ ಮಗಳನ್ನು ಕೊಟ್ಟವನು. ಬೇರೆ ಅಳಿಯಂದಿರಿಗೆ ಮಾವನ ಮನೆಯಲ್ಲಿ ಹೋಳಿಗೆ, ಹಾಸಿಗೆ, ಬಹುವಚನ ಎಲ್ಲ ಸಿಗುತ್ತವೆ. ನನ್ನ ಮೂಗು ಒರೆಸಿ ಬೆಳೆಸಿದ ಮನುಷ್ಯನಿಗೆ ನಾನು ಇಂದಿಗೂ ‘ಬಸ್ಯಾ’. ಎದುರಿಗೆ ಕೂತು ಬಾರಿಸಿದರೆ ಅವನು ಅದನ್ನು ಗದ್ದಲ ಎನ್ನುತ್ತಾನೆ. ಅದೇ ಪರದೆಯ ಮೇಲೆ ಬಂದರೆ ಕಲೆ ಎನ್ನುತ್ತಾನೆ. ಆದ್ದರಿಂದ ಪರದೆಯ ಮೂಲಕವೇ ಅವನನ್ನು ಗೆಲ್ಲತಕ್ಕದ್ದೆಂದು ತೀರ್ಮಾನಿಸಿದೆ.

ದಾರಿಯೂ ಕಂಡಿತು. ಉಸಗಾಂವದಲ್ಲಿ ದಸ್ತಗೀರನ ತಂಗಿಯ ಮದುವೆಯಲ್ಲಿ ನಾವು ಬಾರಿಸಿದ್ದೆವು. ಬಾರಿಸತೊಡಗಿದ ಕೂಡಲೇ ವಯಸ್ಸಾದವರೆಲ್ಲ ಎದ್ದು ಹೊರಗೆ ಹೋಗಿದ್ದರು. ಹುಡುಗರಿಗೆ ಕುಣಿಯಲು ಜಾಗ ಬಿಟ್ಟುಕೊಟ್ಟರೆಂದು ನಾವು ತಿಳಿದಿದ್ದೆವು. ಅದೆಲ್ಲ ಮದುವೆಯ ವಿಡಿಯೋದಲ್ಲಿತ್ತು. ದಸ್ತಗೀರನ ಮನೆಯಿಂದ ಪೆನ್ ಡ್ರೈವ್ ತಂದೆ. ವಿಜಯಪುರದ ಬಸ್ಸಿನಿಂದ ಮಾವ ಇಳಿದ, ರೊಟ್ಟಿಯ ಗಂಟು ಸಮೇತ. ಚಹಾ ಕುಡಿಸಿ, ದಿಂಬು ಕೊಟ್ಟು, ಟಿವಿಯ ಮುಂದೆ ಕೂರಿಸಿದೆ.

ವಿಡಿಯೋ ಶುರುವಾಯಿತು. ಪರದೆಯಲ್ಲಿ ನಾನು ಎರಡೂ ಕೈ ಎತ್ತಿ ಡ್ರಮ್ಮಿಗೆ ಅಪ್ಪಳಿಸಿದೆ. ಅದರಿಂದ ಕೊಳಲಿನ ನಾದ ಹೊರಟಿತು!

ಇನ್ನೊಮ್ಮೆ ಅಪ್ಪಳಿಸಿದೆ. ಯಾವುದೋ ಹೆಣ್ಣು ದನಿ ತವರು ಬಿಟ್ಟು ಹೋಗುವ ದುಃಖವನ್ನು ಹಾಡತೊಡಗಿತು. ದಸ್ತಗೀರ ಕತ್ತಿನ ನರ ಉಬ್ಬಿಸಿ ಬಾಯಿ ತೆರೆದಾಗಲೆಲ್ಲ ಆ ಹೆಂಗಸೇ ಅತ್ತಳು. ಅಷ್ಟರಲ್ಲಿ ನನ್ನ ಮುಖ ಒಂದು ಕೆಂಪು ಹೃದಯದೊಳಗೆ ಸೇರಿಕೊಂಡು ಗಿರಗಿರನೆ ತಿರುಗಿತು. ಪಕ್ಕದ ಹೃದಯದಲ್ಲಿ ಮದುಮಗಳ ಅಜ್ಜಿ ಇದ್ದಳು.

ಮಾವ ಕಣ್ಣು ಒರೆಸಿಕೊಂಡ. “ಕೊಳಲ ಊದಿದಾಂವ ಯಾರಲೇ ಬಸ್ಯಾ? ಭಾಳ ಚಲೋ ಊದ್ಯಾನ. ನೀ ಯಾಕ ನಡುವ ಕೈ ಬೀಸಾಕತ್ತಿದ್ದಿ?”

ಸಾವಿತ್ರಿ ಎದ್ದು ಡ್ರಮ್ಮಿನ ಹತ್ತಿರ ಹೋಗಿ ಗೇಣು ಹಾಕಿ ಜಾಗ ಅಳೆದಳು.

ಮದುವೆಯ ವಿಡಿಯೋ ತೆಗೆದಿದ್ದ ಪರಸು ಅಣ್ಣನ ಅಂಗಡಿಗೆ ಸಿಟ್ಟಿನಿಂದ ಹೋದೆ. ನಮ್ಮ ಸದ್ದು ಎಲ್ಲಿ ಎಂದು ಕೇಳಿದೆ.

“ತಗದು ಸಿನಿಮಾ ಹಾಡ ಹಾಕೇನ್ರಿ. ಎಲ್ಲಾ ಮದುವಿಗೂ ಹಂಗ ಮಾಡತೇನಿ,” ಎಂದ ಅವನು ಶಾಂತವಾಗಿ. “ಮದುವಿ ವಿಡಿಯೋದಾಗ ಖರೇ ಸದ್ದು ಯಾರಿಗೆ ಬೇಕ್ರಿ? ಬೀಗರ ಜಗಳ, ಕೂಸುಗೋಳ ಅಳೋದು, ನಿಮ್ಮ ಡ್ರಮ್, ಎಲ್ಲಾ ಒಮ್ಮಿಗೇ ಅಳಿಸಿಬಿಡತೇನಿ.”

ಬೇರೆಯವರಾಗಿದ್ದರೆ ಅಲ್ಲಿಗೇ ಫ್ರಿಜ್ ತಂದುಬಿಡುತ್ತಿದ್ದರು. ನಾನು ಹಟವಾದಿ. ಮಾವನನ್ನು ಊರಿಗೆ ಬಿಡದೆ, ಇನ್ನೊಂದು ವಾರ ಇರು ಎಂದು ಕಾಲು ಹಿಡಿದೆ. ನಮ್ಮ ಕಡೆಯ ಒಂದು ಸಣ್ಣ ಕೇಬಲ್ ಚಾನೆಲ್‌ನಲ್ಲಿ ಭಾನುವಾರ ಮಧ್ಯಾಹ್ನ ಊರಿನ ಕಲಾವಿದರ ಕಾರ್ಯಕ್ರಮ ಬರುತ್ತದೆ. ಅಲ್ಲಿಗೆ ಹೋದೆ. ಆಗುವುದಿಲ್ಲ ಎಂದರು. ಮತ್ತೆ ಹೋದೆ. ನನ್ನ ಟೆಂಪೋ ಅವರ ಗೇಟಿಗೆ ಅಡ್ಡ ನಿಲ್ಲಿಸಿ ಕಾದೆ. ಕೊನೆಗೆ, ಟೆಂಪೋ ತೆಗೆದರೆ ಅವಕಾಶ ಕೊಡುತ್ತೇವೆ ಎಂದರು. ಪ್ರತಿಭೆಗೆ ಬಾಗಿಲು ತೆರೆಯುವುದೆಂದರೆ ಇದೇ!

ಶುಕ್ರವಾರ ಚಿತ್ರೀಕರಣ. ಒಂದೇ ಕ್ಯಾಮೆರಾ, ಒಂದೇ ಸಲ, ತಪ್ಪಿದರೆ ತಪ್ಪಿದ್ದೇ ಪ್ರಸಾರ. “ಸದ್ದು ಅಳಸಬ್ಯಾಡ್ರಿ,” ಎಂದು ಕೈಮುಗಿದು ಕೇಳಿಕೊಂಡೆ. ಅಳಿಸುವುದಿಲ್ಲ ಎಂದು ಮಾತು ಕೊಟ್ಟರು. ಇನ್ನೇನು ಬೇಕು? ಜೀವಮಾನದಲ್ಲಿ ಹಾಗೆ ಬಾರಿಸಿರಲಿಲ್ಲ. ಅಂಗಿ ಹಿಂಡುವಷ್ಟು ಬೆವರು. ಹಾಡಿನ ನಡುವೆ ಒಂದು ಸಣ್ಣ ತೊಂದರೆಯಾಯಿತು ಅಷ್ಟೆ. ನಮ್ಮ ಮೈಕ್ ಸ್ಟ್ಯಾಂಡಿನ ತಿರುಪು ಹಳೆಯದು. ಅದು ಇಳಿಯುತ್ತ ಹೋಯಿತು. ಅದರ ಜೊತೆಗೆ ದಸ್ತಗೀರನೂ ಬಾಗುತ್ತ ಹೋದ. ಅವನು ನೆಲ ಮುಟ್ಟುವ ಮೊದಲು ನಾನು ಎದ್ದು ಮುಂದೆ ಬಂದು, ತಿರುಪು ಬಿಗಿ ಮಾಡಿ, ಮತ್ತೆ ಹಿಂದೆ ಹೋಗಿ ಕೂತೆ. ಅಷ್ಟು ಹೊತ್ತು ಡ್ರಮ್ಮಿನ ಸದ್ದು ನಿಂತಿತ್ತು. ಸ್ಟುಡಿಯೋದಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ. ಈ ಅಂಶವನ್ನು ನಾನು ಆಗಲೇ ಗಮನಿಸಬೇಕಿತ್ತು.

ಭಾನುವಾರ ಅಕ್ಕಪಕ್ಕದವರೆಲ್ಲ ನಮ್ಮ ಮನೆಯಲ್ಲಿ. ಮಾವ ನಡುವೆ, ದಿಂಬಿಗೆ ಒರಗಿ. ಕಾರ್ಯಕ್ರಮ ಶುರುವಾಯಿತು. ಸದ್ದು ನಮ್ಮದೇ! ನನ್ನ ಎದೆ ಉಬ್ಬಿತು.

“ನೀ ಎಲ್ಲಿ ಅದಿಯಲೇ?” ಎಂದ ಮಾವ.

ನಾನೂ ಹುಡುಕಿದೆ. ಪರದೆಯ ಕೆಳಗೆ ಒಂದು ಅಗಲವಾದ ಜಾಹೀರಾತಿನ ಪಟ್ಟಿ ಓಡುತ್ತಿತ್ತು: ತಾಜಾ ಮೀನು, ಬಾಡಿಗೆಗೆ ಖೋಲಿ, ಮೊಣಕಾಲು ನೋವಿನ ಎಣ್ಣೆ. ಡ್ರಮ್ ಬಾರಿಸುವವನು ಕೂತೇ ಬಾರಿಸಬೇಕಲ್ಲ. ಡ್ರಮ್ಮನ್ನೂ ನನ್ನ ಎರಡು ಕೈಯನ್ನೂ ಮೊಣಕಾಲಿನ ಎಣ್ಣೆ ನುಂಗಿತ್ತು. ಪಟ್ಟಿಯ ಮೇಲೆ ಉಳಿದ ನನ್ನ ತಲೆಗೆ ದಸ್ತಗೀರನ ಹೊಟ್ಟೆ ಅಡ್ಡ ನಿಂತಿತ್ತು.

“ಅಲ್ಲೇ ಹಿಂದ ಅದೇನಿ ಮಾವ. ಆ ಎಣ್ಣಿ ಹಿಂದ.”

ಮಾವ ಕತ್ತು ಚಾಚಿ ನೋಡಿದ. ಏನೂ ಕಾಣಲಿಲ್ಲ. ನನಗೆ ಖರೇ ಅಳು ಬಂದಿತು. ಆಗ ದಸ್ತಗೀರ ಬಾಗತೊಡಗಿದ. ಅವನ ಹಿಂದಿನಿಂದ ಸೂರ್ಯ ಮೂಡಿದಂತೆ ನನ್ನ ಮುಖ ಬಂತು. ಪರದೆಯ ತುಂಬ ನಾನೇ! ಗಂಭೀರವಾಗಿ ತಿರುಪು ಬಿಗಿ ಮಾಡಿದೆ, ಅಲ್ಲಾಡಿಸಿ ನೋಡಿದೆ, ಹೋದೆ.

ಮಾವ ತೊಡೆ ತಟ್ಟಿ ಎದ್ದು ಕೂತ. “ಶಾಬಾಸ್ ಮಗನ!”

ಮನೆಯಲ್ಲಿ ಚಪ್ಪಾಳೆ. ನಾನು ಗೆದ್ದವನಂತೆ ಸಾವಿತ್ರಿಯ ಕಡೆ ತಿರುಗಿದೆ. “ಕೇಳಿದೇನು? ಶಾಬಾಸ್ ಅಂದ.”

“ಅಂದದ್ದು ಖರೇ,” ಎಂದಳು ಅವಳು. “ಯಾಕ ಅಂದ ಅಂತ ಕೇಳ್ರಿ.”

ಕೇಳಬಾರದಿತ್ತು. ಕೇಳಿದೆ.

“ಅವರಿಬ್ರೂ ಸುಮ್ಮನ ಒದರಾಕತ್ತಿದ್ರು. ಕೆಲಸಾ ಮಾಡಿದಾಂವ ನೀ ಒಬ್ಬನ,” ಎಂದ ಮಾವ ಅಭಿಮಾನದಿಂದ. “ಆ ಕಂಬ ಎಷ್ಟ ಗಟ್ಟಿ ಕುಂದರಿಸಿದಿ!”

“ಮತ್ತ ಡ್ರಮ್?”

“ಯಾವ ಡ್ರಮ್ಮಲೇ?”

ಸಾವಿತ್ರಿ ನ್ಯಾಯವಂತೆ, ಮಾತಿಗೆ ತಪ್ಪುವವಳಲ್ಲ. “ಶಾಬಾಸ್ ಬಂದದ್ದು ಕಂಬಕ್ಕ. ಹಂಗಾರ ಕಂಬ ಇರಲಿ,” ಎಂದಳು.

ಡ್ರಮ್ ಸಾವಿಯೋನ ಮನೆಯ ಹಿತ್ತಿಲಿಗೆ ಹೋಯಿತು, ನನ್ನದೇ ಟೆಂಪೋದಲ್ಲಿ. ಬರುವಾಗ ಅದೇ ಟೆಂಪೋದಲ್ಲಿ ಫ್ರಿಜ್ ಬಂತು. ಪಕ್ಕದಲ್ಲಿ ಮೈಕ್ ಸ್ಟ್ಯಾಂಡ್ ನಿಂತಿದೆ, ಅದರ ಮೇಲೆ ಒದ್ದೆ ಟವೆಲ್. ಮಾವ ಊರಿಗೆ ಹೋಗಿ, ನಮ್ಮ ಬಸ್ಯಾ ಗೋವಾದಾಗ ಟಿವಿ ಕೆಲಸಾ ಮಾಡತಾನ ಎಂದು ಹೇಳಿದ್ದಾನೆ. ಈಗ ಊರವರು ಫೋನ್ ಮಾಡಿ, ತಮ್ಮ ಟಿವಿಯಲ್ಲಿ ಚಿತ್ರ ಯಾಕೆ ಬರುತ್ತಿಲ್ಲ ಎಂದು ಕೇಳುತ್ತಾರೆ.

ಆದರೂ ನಾನು ಬಿಡುವವನಲ್ಲ. ಕೈಗೆ ಅಭ್ಯಾಸ ತಪ್ಪಬಾರದೆಂದು ಮೊನ್ನೆ ಫ್ರಿಜ್ಜಿನ ಬಾಗಿಲ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದೆ. ಒಳ್ಳೆಯ ಲಯ ಹತ್ತಿತ್ತು. ಒಳಗಿನಿಂದ ಸಾವಿತ್ರಿ ಕೇಳಿದಳು: “ಫ್ರಿಜ್ ಏನರ ಕೆಟ್ಟೈತೇನ್ರಿ? ಕೆಟ್ಟ ಸದ್ದು ಬರಾಕತ್ತೈತಿ.”

ನಾನು ಕೈ ತೆಗೆದೆ.

“ಹಾಂ,” ಎಂದಳು, “ತಾನ ಸರಿ ಆತು ನೋಡ್ರಿ.”