ತಿರುಗಿಸದ ಹನ್ನೊಂದು ಹಾಳೆ

ನಾನು ಹನ್ನೊಂದು ಹಾಳೆ ತಿರುಗಿಸಬೇಕಿತ್ತು. ಒಂದನ್ನೂ ತಿರುಗಿಸಲಿಲ್ಲ. ಇಷ್ಟೇ ನನ್ನ ಅಪರಾಧ. ಇದಕ್ಕೆ ಯಾವ ಕೋರ್ಟಿನಲ್ಲೂ ಶಿಕ್ಷೆಯಿಲ್ಲ, ಗೊತ್ತು. ಆದರೆ ನೀವು ನನ್ನ ತಂಗಿಯನ್ನು ನೋಡಿಲ್ಲವಲ್ಲ!

ಅವಳು ಸುಮ್ಮನೆ ಕೂತದ್ದನ್ನು ಕಂಡವರು ಇಡೀ ಕಾಶಿಯಲ್ಲಿ ಯಾರೂ ಇಲ್ಲ. ಅವಳು ಪಿಯಾನೋ ನುಡಿಸುವವಳು. ತಬಲಾ, ಶಹನಾಯಿ ಎಂದರೆ ಗಲ್ಲಿಗೊಬ್ಬ ಗುರು ಸಿಗುವ ಊರಿನಲ್ಲಿ ಇವಳಿಗೆ ಬೇಕಾದದ್ದು, ನಮ್ಮ ಗಲ್ಲಿಯೊಳಗೆ ಹೇಗೆ ಹೊರಳಿಸಿದರೂ ನುಗ್ಗದ ವಾದ್ಯ! ಅದಿರುವುದು ಸೋನಾರ್‌ಪುರದ ನಿವೃತ್ತ ಬಂಗಾಳಿ ಟೀಚರಮ್ಮನ ಮನೆಯಲ್ಲಿ. ಉಳಿದ ಹೊತ್ತು ಬೆರಳಿಗೆ ಸಿಕ್ಕಿದ್ದೆಲ್ಲ ಪಿಯಾನೋ: ಹರಿಶ್ಚಂದ್ರ ಘಾಟಿನ ಹಿಂದಿರುವ ನನ್ನ ಮೆಸ್ಸಿನ ಮೇಜು, ದೋಣಿಯ ಹಲಗೆ, ಹಪ್ಪಳದ ಡಬ್ಬಿ. ಒಮ್ಮೆ ಇ-ರಿಕ್ಷಾದಲ್ಲಿ ತನ್ನದೆಂದುಕೊಂಡು ಪಕ್ಕದ ಮುದುಕಿಯ ಮೊಣಕಾಲಿನ ಮೇಲೆ ಅಸ್ಸಿ ಘಾಟಿನವರೆಗೂ ನುಡಿಸಿದಳು. ಇಳಿಯುವಾಗ ಆ ತಾಯಿ ಇವಳ ಸೆರಗು ಹಿಡಿದು, ಇನ್ನೊಂದು ಕಾಲೂ ನೋಯುತ್ತಿದೆ ಬಿಟಿಯಾ, ಅದನ್ನೂ ಮುಗಿಸಿ ಹೋಗು ಎಂದರು.

ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಅವಳ ಮೊದಲ ದೊಡ್ಡ ಕಛೇರಿ ಗೊತ್ತಾಯಿತು. ಕೇಳಲು ಕೋಲ್ಕತ್ತದಿಂದ ಕೆಲವರು ಬರುವವರಿದ್ದರು. ಮೆಚ್ಚಿದರೆ ಅಲ್ಲಿಗೂ ಕರೆಯುತ್ತಾರೆ. ಪಕ್ಕದಲ್ಲಿ ನಿಂತು ಸಂಗೀತದ ಹಾಳೆ ತಿರುಗಿಸಲು ಒಬ್ಬರು ಬೇಕು. ಟೀಚರಮ್ಮನ ಅಷ್ಟು ಜನ ಶಿಷ್ಯರಿರುವಾಗ ಇವಳು ಆರಿಸಿದ್ದು ಯಾರನ್ನು? ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಒಲೆಯ ಮುಂದೆ ನಿಂತ ನನ್ನನ್ನು! ಆ ಹಾಳೆ ನೋಡಿದರೆ ನನಗೆ ಯಾರೋ ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತದೆ.

“ಓದೋದು ನನ್ನ ಕೆಲಸ ಅಣ್ಣಾ. ನಾನು ತಲೆ ಆಡಿಸ್ತೀನಿ, ನೀನು ಬಸ್, ಪಲಟ್ ದೇನಾ, ತಿರುಗಿಸಿದ್ರೆ ಸಾಕು.”

ಮೆಸ್ಸಿನ ಗೋಡೆಯ ಕ್ಯಾಲೆಂಡರಿನ ಮೇಲೆ ಅಭ್ಯಾಸ ಶುರುವಾಯಿತು. ಹನ್ನೆರಡು ತಿಂಗಳಿಗೆ ಹನ್ನೊಂದು ತಿರುವು, ಲೆಕ್ಕ ಸರಿಹೋಯಿತು. ಅವಳು ಮೇಜು ಬಡಿಯುತ್ತಾ ತಲೆ ಆಡಿಸಿದಾಗೆಲ್ಲ ನಾನೊಂದು ತಿಂಗಳು ಹಾರಿಸುತ್ತಿದ್ದೆ. ಒಂದು ದಿನ ವಾಪಸು ತಿರುಗಿಸಲು ಮರೆತೆ. ಕಾಶಿವಾಸಕ್ಕೆಂದು ಧಾರವಾಡದ ಕಡೆಯಿಂದ ಬಂದು ನಮ್ಮಲ್ಲೇ ಉಣ್ಣುವ ಅಜ್ಜಿ ಅದನ್ನು ನೋಡಿ, ಇಲ್ಲದ ಏಕಾದಶಿಗೆ ನೀರೂ ಮುಟ್ಟದೆ ಕೂತುಬಿಟ್ಟರು. ಮರುದಿನ ನಾನು ಕಾಲಿಗೆ ಬಿದ್ದೆ.

“ಇರ್ಲಿ ಬಿಡೋ ತಮ್ಮಾ, ಮುಂಗಡ ಕಟ್ಟಿದಂಗಾತು. ಮುಂದಿನ ಏಕಾದಶಿಗೆ ನಂಗ ಹೋಳಿಗಿ ಮಾಡು.”

ಕಛೇರಿಯ ಸಂಜೆ, ತಂಗಿಯೇ ಹೊಲಿಸಿಕೊಟ್ಟ ಕಪ್ಪು ಜುಬ್ಬಾ ತೊಟ್ಟು ಸಭಾಂಗಣದ ಬಾಗಿಲವರೆಗೂ ಹೋದೆ. ಮುಂದಿನ ಸಾಲಿನಲ್ಲೇ ನಮ್ಮ ಕನ್ನಡದ ಡಾಕ್ಟರುಗಳು, ಪ್ರೊಫೆಸರುಗಳು. ಪ್ರತಿ ಭಾನುವಾರ ನನ್ನಿಂದ ಸಾರು ಬಡಿಸಿಕೊಳ್ಳುವವರು! ಹಾಳೆ ತಪ್ಪಿದರೆ? ಅರಿಶಿನ ಹಿಡಿದ ಈ ಬೆರಳು ಅಷ್ಟು ಬೆಳಕಿನಲ್ಲಿ ಕಂಡರೆ? ಕಾಲು ತಾನಾಗಿ ಹಿಂದಕ್ಕೆ ತಿರುಗಿತು. ಮೆಸ್ಸಿಗೆ ಐವತ್ತು ಜನ ಯಾತ್ರಿಕರು ಬಂದುಬಿಟ್ಟಿದ್ದಾರೆಂದು ತಂಗಿಗೆ ಫೋನು ಮಾಡಿ, ಅಸ್ಸಿಯಲ್ಲಿ ನಿಂತು ಒಂದರ ಮೇಲೊಂದು ಚಹಾ ಕುಡಿದೆ.

ಅವಳು ತಾನೇ ತಿರುಗಿಸಿಕೊಂಡಳಂತೆ. ಐದನೆಯದಕ್ಕೆ ಎರಡು ಹಾಳೆ ಒಟ್ಟಿಗೆ ಬಂದು ಸಂಗೀತ ನಿಂತೇಹೋಯಿತಂತೆ. ಮತ್ತೆ ಹಿಡಿದು ಕೊನೆಯವರೆಗೂ ನುಡಿಸಿದಳು. ಕೋಲ್ಕತ್ತದವರು ಏನೂ ಹೇಳದೆ ಎದ್ದು ಹೋದರು.

ಮನೆಗೆ ಬಂದವಳು ಎಷ್ಟು ಜನ ಉಂಡರು ಎಂದು ಕೇಳಿದಳು. ಐವತ್ತು ಎಂದೆ. ಅವಳು ಮೆಸ್ಸಿನ ಅಡುಗೆಮನೆಯತ್ತ ನೋಡಿದಳು. ಮಧ್ಯಾಹ್ನ ತೊಳೆದು ಬೋರಲು ಹಾಕಿದ ದೊಡ್ಡ ಪಾತ್ರೆಗಳು ಹಾಗೇ ಒಣಗಿ ಕೂತಿದ್ದವು. ಆಮೇಲೆ ಮೊಸರನ್ನ ತಿಂದಳು. ಅಂದು ಅವಳ ಬೆರಳು ತಟ್ಟೆಯಂಚಿನ ಮೇಲೆ ಆಡಲಿಲ್ಲ.

ಮುಂದಿನ ತಿಂಗಳು ಒಂದು ಟ್ಯಾಬ್ ಬಂತು. ಕಾಲಲ್ಲಿ ಪೆಡಲ್ ಒತ್ತಿದರೆ ಪುಟ ತಿರುಗುತ್ತದೆ. ಅಣ್ಣನ ಜಾಗಕ್ಕೆ ಒಂದು ಪೆಡಲ್ ಸಾಕಾಯಿತು ನೋಡಿ! ಲಖನೌ, ದೆಹಲಿ ಎಂದು ಅದನ್ನೇ ಹೊತ್ತು ತಿರುಗಿದಳು. ಇಲ್ಲಿ ನನಗೆ ಒಂದು ಕಡೆ ಕೂರಲು ಆಗದಂತಾಯಿತು. ಬಡಿಸುತ್ತಾ ಅನ್ನದ ಬಕೀಟಿನ ಮೇಲೆ ಬೆರಳು ಬಡಿಯತೊಡಗಿದೆ.

ಎರಡು ವರ್ಷ ಕಳೆದ ಮೇಲೆ ಕೋಲ್ಕತ್ತದಿಂದ ಕರೆ ಬಂತು. ಹೊರಡುವ ಬೆಳಿಗ್ಗೆ, ದಾರಿಯ ಬುತ್ತಿ ಹಿಡಿದು ಟೀಚರಮ್ಮನ ಮನೆಗೆ ಹೋದೆ. ಟ್ಯಾಬ್ ಆಗಲೇ ಪೆಟ್ಟಿಗೆ ಸೇರಿತ್ತು. ತಂಗಿ ಆ ಹಳೆಯ ಹಾಳೆಗಳನ್ನಿಟ್ಟುಕೊಂಡು ನುಡಿಸುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವಳು ನನ್ನತ್ತ ನೋಡಲಿಲ್ಲ, ತಲೆ ಮಾತ್ರ ಆಡಿಸಿದಳು. ತಿರುಗಿಸಿದೆ. ಮತ್ತೆ ಆಡಿಸಿದಳು. ಮತ್ತೆ ತಿರುಗಿಸಿದೆ. ಹನ್ನೊಂದೂ ಮುಗಿದ ಮೇಲೆ ಅವಳ ಎರಡು ಕೈಯೂ ಮಡಿಲಿಗೆ ಬಂದವು. ಸುಮ್ಮನೆ ಕೂತಳು.

“ಆವತ್ತು ಯಾತ್ರಿಕರು ಒಬ್ಬರೂ ಬಂದಿರ್ಲಿಲ್ಲ ಪುಟ್ಟಿ. ಬಾಗಿಲವರೆಗೂ ಬಂದು, ನಾನೇ ಹೆದರಿ ಓಡಿಹೋದೆ. ತಪ್ಪಾಯ್ತು.”