‘ಬಿಡ್ರಿ’ ಅನ್ನಬಾರದ ಖಣಿ

ನಾ ಕಲಬುರಗಿಯಾಗ ಹೈಸ್ಕೂಲ್ ಪಿ.ಟಿ. ಟೀಚರ್. ಮಕ್ಕಳಿಗೆ ಖೋ ಖೋ ಆಡಿಸಿಕೋತ ಸುಮ್ಮ ಇರಬೇಕಾದಾಕಿ, ಸಂಡೇ ಬಂತಂದ್ರ ಕಮಲಾಪುರದ ಹಳೆ ಕಲ್ಲಿನ ಖಣ್ಯಾಗ ಹಗ್ಗ ಹಿಡಕೊಂಡು ನಿಂದರ್ತೀನಿ. ಅಲ್ಲಿ ಏನರೆ ಒಂದು ಆಗದ ಸಂಡೇನೇ ಇಲ್ಲ. ಅದನ್ನ ಹೇಳದಿದ್ರ ಸೋಮವಾರ ಸ್ಟಾಫ್ ರೂಮಿನ್ಯಾಗ ನನಗ ಚಹಾ ಇಳಿಯಂಗಿಲ್ಲ.

ಖಣಿ ಗೋಡಿ ಮೂರು ಮಾಳಿಗಿ ಎತ್ತರ. ಅದನ್ನ ಏರೋ ಒಂದು ಹಾದಿಗೆ ‘ಕೆಂಪು ಬಾಳಿ’ ಅಂತ ಹೆಸರು. ತುದಿ ಹತ್ರ ಬಾಳಿಹಣ್ಣಿನಂಗ ಡೊಂಕಾದ, ಕೈಗೆ ಸಿಕ್ಕಂಗ ಆಗಿ ಜಾರೋ ಒಂದು ಕೆಂಪು ಕಲ್ಲು ಅದ. ಅದನ್ನ ದಾಟಿ, ಮ್ಯಾಲಿನ ಸರಪಳಿಗೆ ಹಗ್ಗ ಸಿಗಿಸಿದ್ರ ಗೆದ್ದಂಗ. ನಡುವ ಜಾರಿ ಹಗ್ಗಕ್ಕ ಜೋತು ಬಿದ್ರ ಏರಿದ್ದು ಲೆಕ್ಕಕ್ಕಿಲ್ಲ. ಹೈದರಾಬಾದಿಂದ, ಬಾದಾಮಿಯಿಂದ ಘಟಾನುಘಟಿಗಳು ಬಂದ್ರು. ಎಲ್ಲಾರೂ ಆ ಕಲ್ಲಿನ ಹತ್ರನೇ ಜಾರಿ, ಕಮಲಾಪುರದ ಕೆಂಪು ಬಾಳಿಹಣ್ಣು ತಿಂದು ವಾಪಸ್ ಹೋದ್ರು.

ನಮ್ಮ ಸೇಡಂ ರಸ್ತೆ ಹಲ್ಲಿನ ಡಾಕ್ಟರು ಮಾತ್ರ ಹಟ ಹಿಡದ್ರು. ಶರಣಬಸವೇಶ್ವರ ಗುಡಿ ಮುಂದ ನಿಂತು, ‘ಕೆಂಪು ಬಾಳಿ ಏರೋತನಕ ಗಡ್ಡ ತೆಗ್ಯಂಗಿಲ್ಲ’ ಅಂತ ಹರಕಿ ಹೊತ್ತುಬಿಟ್ರು. ಎರಡು ವರ್ಷಾತು, ಗಡ್ಡ ಎದಿಗೆ ಬಂತು. ದವಾಖಾನಿಗೆ ಬಂದ ಸಣ್ಣ ಮಕ್ಕಳು ಮಾಸ್ಕಿನ ಕೆಳಗ ಇಳಿಬಿದ್ದ ಗಡ್ಡ ನೋಡಿ ಚೀರಿಕೋತ ಓಡಾಕತ್ತವು. ‘ಹಿಂಗಾದ್ರ ದವಾಖಾನಿಗೆ ಕೀಲಿ ಹಾಕೋದೇ ಟೀಚರ್’ ಅಂತ ಡಾಕ್ಟರ ಹೆಂಡ್ತಿ ನನ್ನ ಮುಂದ ಕಣ್ಣೀರು ಹಾಕಿದ್ರು.

ಭಾರಿ ಮನುಷ್ಯಾರು

ಏರೋರ ನಡಕ್ಕ ಕಟ್ಟಿದ ಹಗ್ಗ ಗೋಡಿಗೆ ಬಡದ ಕೊಂಡಿಗಳಾಗ ಹಾದು ಕೆಳಗ ಹಿಡದವರ ನಡಕ್ಕ ಬರ್ತದ; ಮ್ಯಾಲಿನವರು ಜಾರಿದ್ರ ಕೆಳಗಿನವರು ತಡೀಬೇಕು. ಡಾಕ್ಟರಿಗೆ ಮೊದಲು ಹಗ್ಗ ಹಿಡೀತಿದ್ದವರು ಕಾಲೇಜಿನ ಲೆಕ್ಚರರು. ಕಡ್ಡಿಯಂಥ ಆಳು. ಒಂದಿನ ಮ್ಯಾಲಿಂದ ಡಾಕ್ಟರು ಜಾರಿದ್ರು. ಹಗ್ಗ ಜಗ್ಗಿದ ಏಟಿಗೆ ಲೆಕ್ಚರರ ಕಾಲು ನೆಲ ಬಿಟ್ಟು ಭರ್ರಂತ ಮ್ಯಾಲ ಹೋದ್ವು. ಇವರು ಇಳಿಯೋರು, ಅವರು ಏರೋರು, ನಡಗಾಳ್ಯಾಗ ಎದುರಾಬದುರಾ ಸಿಕ್ರು.

‘ನಮಸ್ಕಾರ್ರಿ ಸರ್’ ಅಂದ್ರಂತ ಡಾಕ್ಟರು.

‘ನಮಸ್ಕಾರ. ಮುಂದಿನ ವಾರದಿಂದ ನಾ ಬರಂಗಿಲ್ರಿ’ ಅಂದ್ರಂತ ಲೆಕ್ಚರರು.

ಮರದಿನ ಡಾಕ್ಟರು ನಮ್ಮ ಸ್ಕೂಲಿಗೇ ಬಂದ್ರು. ‘ಟೀಚರ್, ಹಗ್ಗ ಹಿಡ್ಯಾಕ ನಿಮ್ಮಂಥವರೇ ಬೇಕ್ರಿ.’

‘ನಮ್ಮಂಥವರು ಅಂದ್ರ ಎಂಥವರು?’ ಅಂತ ನಡದ ಮ್ಯಾಲ ಕೈ ಇಟ್ಟು ಕೇಳ್ದೆ.

ಡಾಕ್ಟರು ನನ್ನ ಈ ಕಡಿಯಿಂದ ಆ ಕಡಿತನಕ ನೋಡಿ, ಬೆವರು ಒರಸಿಕೊಂಡು, ‘ಭಾರಿ ಮನುಷ್ಯಾರು’ ಅಂದ್ರು. ಹೊಗಳಿಕಿ ಅಂತ ತಿಳಕೊಂಡು ಹೂಂ ಅಂದುಬಿಟ್ಟೆ.

ಹಲ್ಲಿನ ಪುಡಿ

ಬೆವತು ಕೈ ಜಾರಬಾರದಂತ ಏರೋರು ನಡಕ್ಕ ಬಿಳಿ ಪುಡಿ ಚೀಲ ಕಟ್ಟಿರ್ತಾರ. ಒಂದಿನ ಕಮಲಾಪುರ ಬಸ್ ಸ್ಟ್ಯಾಂಡಿನ್ಯಾಗ ನಾವು ಚಹಾ ಕುಡಿಯೋ ಮುಂದ ಒಬ್ಬ ಆಯಿ ಬಂದ್ಲು. ಡಾಕ್ಟರು ಆಕಿಗೆ ಹಲ್ಲಿನ ಸೆಟ್ ಕಟ್ಟಿ ಕೊಟ್ಟಿದ್ರು. ಹಲ್ಲಿನ ಡಾಕ್ಟರ ಚೀಲದಾಗ ಮತ್ತೇನಿರ್ತದ, ಹಲ್ಲಿನ ಪುಡಿನೇ ಅಂತ ಚಿಟಿಕಿ ತಗೊಂಡು, ಸೆಟ್ ತೆಗೆದು, ಒಳಗ ಉದುರಿಸಿ, ಮತ್ತ ಹಾಕ್ಕೊಂಡುಬಿಟ್ಲು!

‘ಆಯೀ, ಅದು ಕಲ್ಲು ಹಿಡ್ಯಾಕ ಹಚ್ಚಿಕೊಳ್ಳೋದಬೇ!’ ಅಂತ ಡಾಕ್ಟರು ಒದರೋದ್ರಾಗ ಆಕಿ ಬಸ್ ಹತ್ತಿ ಹೋಗಿದ್ಲು. ಆಯಿಗೆ ಏನರೆ ಆದ್ರ ಹ್ಯಾಂಗ ಅಂತ ವಾರೆಲ್ಲಾ ಅವರಿಗೆ ನಿದ್ದಿಲ್ಲ.

ಮುಂದಿನ ವಾರ ಆಯಿ ತಾನೇ ಹುಡಿಕ್ಯಾಡಿಕೊಂಡು ಬಂದ್ಲು. ‘ರುಚಿ ಏನಿಲ್ಲಪಾ. ಖರೆ, ಈಗ ಸೆಟ್ ಒಟ್ಟ ಜಾರವಲ್ದು. ಇನ್ನೊಂದೀಟು ಕೊಡು.’

ಡಾಕ್ಟರು ಉಸಿರು ಬಿಟ್ರು. ‘ಬದುಕಿದೆ! ನೋಡ್ರಿ ಟೀಚರ್, ಅದೇ ಪುಡಿ. ಆಯಿಗೆ ಹಿಡಿತ ಸಿಕ್ತು, ನನಗ ಸಿಗವಲ್ದು.’

ಬಾಳಿಹಣ್ಣು ಬ್ಯಾಡ

ಏರೋರು ‘ಹಿಡೀರಿ’ ಅಂದ್ರ ನಾ ಹಗ್ಗ ಬಿಗಿ ಮಾಡಬೇಕು, ‘ಬಿಡ್ರಿ’ ಅಂದ್ರ ಸಡಿಲ ಬಿಡಬೇಕು. ಖಣ್ಯಾಗ ನಮ್ಮ ಭಾಷಾ ಇಷ್ಟ.

ಒಂದು ಸಂಡೇ ಡಾಕ್ಟರು ಆ ಕೆಂಪು ಕಲ್ಲು ಹಿಡದೇಬಿಟ್ರು. ಸರಪಳಿ ಇನ್ನ ಒಂದು ಕೈ ದೂರ. ಅಷ್ಟರಾಗ ಬಾಜೂ ತ್ವಾಟದ ಕಾಕಾ ಹಣ್ಣು ತಗೊಂಡು ಬಂದು, ‘ತಿನ್ರಿ ಟೀಚರ್’ ಅಂದ್ರು. ನನ್ನ ಎರಡೂ ಕೈ ಹಗ್ಗದ ಮ್ಯಾಲ.

‘ಈಗ ಬ್ಯಾಡ ಬಿಡ್ರಿ ಕಾಕಾ’ ಅಂದೆ.

ಮ್ಯಾಲ ಡಾಕ್ಟರು ಬಿಟ್ರು.

‘ಯಾಕ ಬಿಟ್ರೀ?’ ಅಂತ ಒದರಿದೆ.

ಹಗ್ಗಕ್ಕ ಜೋತಾಡಿಕೋತ, ‘ನೀವ ಬಿಡ್ರಿ ಅಂದ್ರೆಲ್ಲ!’ ಅಂದ್ರು.

‘ನಾ ಬಾಳಿಹಣ್ಣಿಗೆ ಅಂದೆರೀ!’

‘ನಾನೂ ಬಾಳಿನೇ ಹಿಡಕೊಂಡಿದ್ದೆರೀ!’

ಬಾಯಿ

ಅವತ್ತಿಂದ ಖಣ್ಯಾಗ ಏರೋರ ಹೊರತು ಯಾರೂ ‘ಬಿಡ್ರಿ’ ಅನ್ನಬಾರದಂತ ಕಾಯ್ದೆ ಆತು. ಕಲಬುರಗಿ ಮಂದಿ ಆ ಮಾತಿಲ್ಲದೇ ಮಾತಾಡೋದು ಹ್ಯಾಂಗ? ಎಲ್ಲಾರೂ ಬಾಯಿ ಮುಚ್ಚಿ ಕುಂತ್ವಿ.

ಮೊನ್ನಿ ಸಂಡೇ ಮ್ವಾಡ ಕಟ್ಟಿತ್ತು. ಮಳಿ ಶುರು ಆದ್ರ ಖಣಿ ತುಂಬಿ, ಚಳಿಗಾಲದತನಕ ಏರೋದು ಬಂದ್. ಡಾಕ್ಟರ ಹೆಂಡ್ತಿ ಕಮಲಾಪುರದ ಹಜಾಮನ್ನ ಪೆಟ್ಟಿಗಿ ಸಮೇತ ಕರಕೊಂಡೇ ಬಂದಿದ್ರು.

‘ಏರ್ರಿ, ಬೀಳ್ರಿ, ಇವತ್ತ ಗಡ್ಡ ಹೋಗಬೇಕು.’

‘ಹರಕಿ ಮುರದಂಗ ಆಗಂಗಿಲ್ಲೇನು?’ ಡಾಕ್ಟರ ಮಾರಿ ಸಣ್ಣದಾತು.

‘ದೇವರಿಗೆ ನಾ ಹೇಳ್ಕೋತೀನಿ.’

ಡಾಕ್ಟರು ಏರಿದ್ರು. ಕೆಂಪು ಕಲ್ಲು ಹಿಡದ್ರು, ದಾಟೇಬಿಟ್ರು! ಒಂದು ಕೈಲೆ ಗೋಡಿ ಹಿಡದು, ಇನ್ನೊಂದು ಕೈಲೆ ಹಗ್ಗ ಎಳಕೊಂಡು ಹಲ್ಲಿನ್ಯಾಗ ಕಚ್ಚಿದ್ರು. ಸರಪಳಿಗೆ ಸಿಗಿಸಾಕ ಹಗ್ಗ ಇನ್ನೊಂದೀಟು ಬೇಕು. ನಾ ನೋಡಿದ್ರ ಅಂಜಿ ಬಿಗಿ ಹಿಡದೀನಿ. ‘ಬಿಡ್ರಿ’ ಅನ್ನಾಕ ಬಾಯಿ ತೆಗದ್ರ ಕಚ್ಚಿದ ಹಗ್ಗ ಬೀಳ್ತದ.

‘ಊಂ... ಊಂ...’ ಅಂದ್ರು.

ಹಿಡೀರಿ ಅಂತಾರೋ, ಬಿಡ್ರಿ ಅಂತಾರೋ? ಬಿಗಿ ಮಾಡಿದ್ರ ಅವರನ್ನ ನಾನೇ ಕೆಡವಿದಂಗ.

ಹೆಂಡ್ತಿಗೆ ತಡಕೊಳ್ಳಾಕ ಆಗಲಿಲ್ಲ. ದವಾಖಾನ್ಯಾಗ ಗಂಡ ದಿನಾ ಪೇಶಂಟಿಗೆ ಹೇಳೋ ಮಾತನ್ನ ಒದರೇಬಿಟ್ರು: ‘ರೀ, ಬಾಯಿ ಬಿಡ್ರೀ!’

‘ಬಾಯಿ’ ಅನ್ನೋದು ಯಾರಿಗೆ ಕೇಳ್ತು? ‘ಬಿಡ್ರಿ’ ಅನ್ನೋದು ಕಿವಿಗೆ ಬಿದ್ದದ್ದ ತಡ, ನನ್ನ ಕೈ ತಾನೇ ಹಗ್ಗ ಸಡಿಲ ಬಿಡ್ತು. ಮ್ಯಾಲ ಸರಪಳಿ ‘ಟಣ್’ ಅಂತು. ‘ಆತ್ರೀ!’ ಅಂತ ಡಾಕ್ಟರು ಚೀರಿದ್ರು. ಗೆದ್ವಿ ಶಿವನೇ! ಅವರನ್ನ ಹಗೂರಕ ಇಳಿಸಿ, ಅಲ್ಲೇ ಮಣ್ಣಾಗ ಕುಂತು ಅತ್ತುಬಿಟ್ಟೆ.

ಡಾಕ್ಟರನ್ನ ಒಂದು ಕಲ್ಲಿನ ಮ್ಯಾಲ ಕುಂಡ್ರಿಸಿ ಹಜಾಮ ಗಡ್ಡ ತೆಗದ. ಹೆಂಡ್ತಿ ಎದುರಿಗೆ ನಿಂತು, ಆ ಬೋಳು ಗದ್ದಾನ ಬಾಳೊತ್ತು ನೋಡಿದ್ರು.

‘ಗಡ್ಡನೇ ಛಲೋ ಒಪ್ತಿತ್ರಿ ನಿಮಗ. ಮತ್ತ ಬಿಡ್ರಿ.’

ಡಾಕ್ಟರು ಗಾಬರಿಯಾಗಿ ಕುಂತ ಕಲ್ಲನ್ನ ಎರಡೂ ಕೈಲೆ ಗಟ್ಟಿ ಹಿಡಕೊಂಡ್ರು. ‘ಏನರೆ ಆಗ್ಲಿ, ಈ ಸಲ ಮಾತ್ರ ಬಿಡಂಗಿಲ್ಲ!’