ಲೋಟ ತಂದವರಿಗೆ ಊಟ

ಸತ್ಯಭಾಮೆ ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅಲ್ಲಿ ನಡೆದ ಸಮಾರಂಭಗಳಿಗೆ ಲೆಕ್ಕವಿಲ್ಲ. ಆದರೆ ಒಂದರಲ್ಲಾದರೂ ಅವಳು ಬಿಸಿ ಪಾಯಸ ಉಂಡದ್ದಿಲ್ಲ. ಮೊದಲ ಪಂಕ್ತಿ ಹಿರಿಯರಿಗೆ, ಎರಡನೆಯದು ನೆಂಟರಿಗೆ, ಮೂರನೆಯದು ನೆಂಟರ ನೆಂಟರಿಗೆ. ಎಲೆ ಎತ್ತುವವರೂ ಉಂಡು ಕೈ ತೊಳೆದ ಮೇಲೆ ಮನೆಯ ಸೊಸೆಯ ಸರದಿ. ಅಷ್ಟು ಹೊತ್ತಿಗೆ ಹಂಡೆಯ ತಳದ ಪಾಯಸ ಸೌಟಿಗೆ ಸಿಗದೆ, ಉಗುರಿಗೆ ಮಾತ್ರ ಸಿಗುವ ಹಂತಕ್ಕೆ ಬಂದಿರುತ್ತಿತ್ತು.

ಮಗಳ ಮದುವೆಯಲ್ಲಿ ಅದೂ ಸಿಗಲಿಲ್ಲ. ಮಗಳು ಗಂಡನ ಮನೆಗೆಂದು ಕಾರು ಹತ್ತುವಾಗ ಸತ್ಯಭಾಮೆ ತಲೆ ಸುತ್ತಿ ಬಿದ್ದಳು. "ಅಯ್ಯೋ, ಹೆತ್ತ ಕರುಳು!" ಎಂದು ನೆರೆದವರೆಲ್ಲ ಕಣ್ಣೊರೆಸಿಕೊಂಡರು. (ಕರುಳೇನೋ ನಿಜ. ಹಿಂದಿನ ದಿನದಿಂದ ಅದಕ್ಕೆ ಏನೂ ಬಿದ್ದಿರಲಿಲ್ಲ, ಅಷ್ಟೆ.) ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಡಾಕ್ಟರು ಅವಳ ಗಂಡನನ್ನು ಪಕ್ಕಕ್ಕೆ ಕರೆದು, "ಇವರಿಗೆ ಔಷಧಿ ಬೇಡ, ಅನ್ನ ಕೊಡಿ" ಎಂದಿದ್ದರು. ಕೇರಳದ ಒಟ್ಟಪಾಲದಂಥ ಊರಿನಲ್ಲಿ ಅಂಥ ಮಾತು ಆಸ್ಪತ್ರೆಯ ಗೇಟು ದಾಟಲು ಎಷ್ಟು ಹೊತ್ತು ಬೇಕು? ಗಂಡ ಅಚ್ಯುತಂಕುಟ್ಟಿಗೆ ಬಹಳ ದಿನ ತಲೆಯೆತ್ತಿ ನಡೆಯಲಾಗಲಿಲ್ಲ.

ಆದ್ದರಿಂದ ಅವನ ತಾಯಿ ಕುಂಞಿಕ್ಕಾವಮ್ಮನಿಗೆ ಎಂಬತ್ತನಾಲ್ಕು ತುಂಬುವ ಹುಟ್ಟುಹಬ್ಬ ಹತ್ತಿರವಾದಾಗ ಸತ್ಯಭಾಮೆ ಒಂದೇ ಒಂದು ಬೇಡಿಕೆ ಇಟ್ಟಳು.

"ಕುಟ್ಟೇಟ್ಟಾ, ಈ ಸಲ ನಾನು ಮೊದಲ್ನೇ ಪಂಕ್ತೀಲಿ ಕೂತ್ಕೋತೀನಿ. ಅಮ್ಮನ ಪಕ್ಕದಲ್ಲೇ. ಎಲೆ ಮೇಲೆ ಬಿಸಿ ಪಾಯಸ ಬಿದ್ದು ಹೊಗೆ ಏಳೋದನ್ನ ಕಣ್ಣಾರೆ ನೋಡ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಕಲ್ಯಾಣಮಂಟಪದವರಿಗೆ ಫೋನ್ ಮಾಡೋಣ. ಎಲ್ಲ ಅವರೇ ನೋಡ್ಕೋತಾರೆ."

"ಮಂಟಪವಾ!" ಅಚ್ಯುತಂಕುಟ್ಟಿ ಕುರ್ಚಿಯಿಂದ ಎದ್ದೇಬಿಟ್ಟ. "ಅಲ್ಲಿ ಕಾಗದದ ಲೋಟ, ಪ್ಲಾಸ್ಟಿಕ್ ಬಾಟಲಿ, ಮೇಜಿಗೆಲ್ಲ ಕಾಗದದ ಸುರುಳಿ! ಊಟ ಒಂದು ಗಂಟೆ, ಕಸ ನೂರು ವರ್ಷ! ಭಾಮೇ, ನಾನು ಕ್ಲಾಸಿಗೆ ಹೋಗಿ ಬಂದಿರೋದು ಸುಮ್ನೇನಾ?"

ಕ್ಲಾಸಿಗೆ ಹೋಗಿ ಬಂದದ್ದು ನಿಜ. ನೌಕರಿಯಿಂದ ನಿವೃತ್ತನಾಗಿ, ಮನೆಯಲ್ಲಿ ಅಪ್ಪಣೆ ಕೊಡಲು ಒಬ್ಬ ಗುಮಾಸ್ತನೂ ಇಲ್ಲದೆ ಸೊರಗುತ್ತಿದ್ದ ಅವನು, ಪಂಚಾಯಿತಿಯವರು ನಡೆಸಿದ ಒಂದು ದಿನದ ತರಬೇತಿಗೆ ಹೋಗಿ ಬಟ್ಟೆ ಚೀಲದೊಂದಿಗೆ ಮರಳಿದ್ದ. ಬೆಳಗಿನ ಪಾಠ ಕಸವಿಲ್ಲದ ಸಮಾರಂಭ ಮಾಡುವುದು ಹೇಗೆ ಎಂದು. ಮಧ್ಯಾಹ್ನದ ಪಾಠ ಸಮಾರಂಭ ಮಾಡುವವರು ತಮ್ಮ ನೆಮ್ಮದಿ, ಆರೋಗ್ಯ ಕಾಪಾಡಿಕೊಳ್ಳುವುದು ಹೇಗೆ ಎಂದು. (ಎರಡನೆಯ ಪಾಠದ ಬಹುಭಾಗವನ್ನು ಅವನು ಊಟದ ನಂತರದ ಗಾಢ ನೆಮ್ಮದಿಯಲ್ಲಿ ಕಳೆದಿದ್ದ.)

"ಮನೇಲೇ ಮಾಡ್ತೀವಿ. ಒಂದು ಹಿಡಿ ಕಸ ಇಲ್ಲ, ಒಂದು ಚೂರು ಟೆನ್ಷನ್ ಇಲ್ಲ. ನೀನು ಅಡುಗೆಮನೆ ಹೊಸಿಲು ತುಳಿಯೋ ಹಾಗಿಲ್ಲ. ಮೊದಲ ಪಂಕ್ತಿ, ಬಿಸಿ ಪಾಯಸ, ಎರಡೂ ನನ್ನ ಜವಾಬ್ದಾರಿ!" ಎಂದು ಅಚ್ಯುತಂಕುಟ್ಟಿ ಸಾಮ್ರಾಜ್ಯವನ್ನೇ ದಾನ ಕೊಟ್ಟವನಂತೆ ಘೋಷಿಸಿದ.

"ನೀರು ಕುಡಿಯೋಕೆ ಲೋಟ? ಅಷ್ಟು ಜನಕ್ಕೆ ತೊಳೆಯೋರು ಯಾರು? ಕೊನೆಗೆ ನಾನೇ ತಾನೆ?"

ಅವಳು ಕೇಳಿದ್ದು ನ್ಯಾಯವಾಗಿತ್ತು. ಅಚ್ಯುತಂಕುಟ್ಟಿ ಮೂಗಿನ ಒಂದು ಹೊಳ್ಳೆ ಮುಚ್ಚಿ ಉಸಿರು ಎಳೆದ, ಇನ್ನೊಂದು ಮುಚ್ಚಿ ಬಿಟ್ಟ. ಉಸಿರಿನ ಜೊತೆಗೇ ಆ ದಿವ್ಯ ಉಪಾಯ ಹೊರಬಂತು.

ಮರುದಿನ ಎಲ್ಲ ಬಂಧುಗಳ ಮೊಬೈಲಿಗೂ ಆಮಂತ್ರಣ ತಲುಪಿತು. ಕೊನೆಯ ಸಾಲು ಹೀಗಿತ್ತು: ‘ಭೂಮಿಯ ಹಿತದೃಷ್ಟಿಯಿಂದ, ದಯಮಾಡಿಸುವವರೆಲ್ಲರೂ ತಮ್ಮ ತಮ್ಮ ಲೋಟ ತರಬೇಕಾಗಿ ವಿನಂತಿ.’

ಮೊದಲು ಫೋನ್ ಮಾಡಿದವಳು ಅವನ ಅಕ್ಕ ತಂಕಮಣಿ. ಅವಳು ಫೋನಿನಲ್ಲಿ ಮಾತಾಡಿದರೆ ಫೋನಿಲ್ಲದಿದ್ದರೂ ಕೇಳಿಸುತ್ತದೆ.

"ಏನೋ ಕುಟ್ಟಾ, ಪೆನ್ಷನ್ ನಿಂತುಹೋಯ್ತೇನೋ ನಿಂದು? ಊಟಕ್ಕೆ ಕರೆದು ಲೋಟ ತನ್ನಿ ಅಂತೀಯಲ್ಲ! ಅಕ್ಕಿನೂ ತರಬೇಕಾ? ತೆಂಗಿನಕಾಯಿ?"

"ಚೇಚೀ, ಇದು ಪರಿಸರದ..."

"ಯಾವ ಸರದ್ದಾದ್ರೂ ಆಗ್ಲಿ! ನನ್ನ ಬೀಗಿತ್ತಿ ‘ನಿಮ್ಮ ತಮ್ಮನ ಮನೇಲಿ ಅಷ್ಟು ಕಷ್ಟವಾ?’ ಅಂತ ಕೇಳಿದ್ಲು. ಮುಖ ಎಲ್ಲಿಡಲೋ ನಾನು?"

ಅಚ್ಯುತಂಕುಟ್ಟಿ ಜಗ್ಗಲಿಲ್ಲ. ಫ್ಲೆಕ್ಸ್ ಬದಲು ತನ್ನ ಹಳೆಯ ಪಂಚೆಯ ಮೇಲೆ ಬಣ್ಣದಲ್ಲಿ ‘ಅಮ್ಮನಿಗೆ ಶುಭಾಶಯ’ ಎಂದು ಬರೆದು ಗೇಟಿಗೆ ಕಟ್ಟಿದ. ಮೇಜುಗಳಿಗೆ ಕಾಗದ ಹಾಸದೆ ಒದ್ದೆ ಬಟ್ಟೆಯಲ್ಲಿ ಒರೆಸುವುದೆಂದು ನಿರ್ಧರಿಸಿದ. ಹುಟ್ಟುಹಬ್ಬದ ಬೆಳಿಗ್ಗೆ ಹೆಂಡತಿಯನ್ನು ಕೋಣೆಯಲ್ಲಿ ಮಲಗಿಸಿ, "ವಿಶ್ರಾಂತಿ ತಗೋ, ಯಾವುದಕ್ಕೂ ಏಳಬೇಡ" ಎಂದು ಬಾಗಿಲು ಮುಂದೆ ಮಾಡಿದ.

ಬಾಗಿಲು ಪೂರ್ತಿ ಮುಚ್ಚುವ ಮೊದಲೇ ಮತ್ತೆ ತೆರೆಯಿತು.

"ಭಾಮೇ, ಇಂಗು ಎಲ್ಲಿದೆ?"

"ಅಡುಗೆಮನೆ ಮಾಡದಲ್ಲಿ, ಹಾರ್ಲಿಕ್ಸ್ ಬಾಟಲೀಲಿ."

"ಹಾಗಾದ್ರೆ ಹಾರ್ಲಿಕ್ಸ್ ಎಲ್ಲಿದೆ?"

"ಅರಿಸಿನ ಅಂತ ಬರೆದಿರೋ ಡಬ್ಬೀಲಿ."

ಆಮೇಲೆ ದೊಡ್ಡ ಸೌಟು ಎಲ್ಲಿ, ಹಿತ್ತಲ ಬೀಗದ ಕೈ ಎಲ್ಲಿ, ಅಡುಗೆಯವರು ಉಪ್ಪೇರಿ ಕರಿಯಲು ಬಾಳೆಕಾಯಿ ಕೇಳುತ್ತಿದ್ದಾರೆ ಅದೆಲ್ಲಿ, ಕೊನೆಗೆ ತನ್ನ ಕನ್ನಡಕ ಎಲ್ಲಿ ಎಂದು ಅಚ್ಯುತಂಕುಟ್ಟಿ ಬರುತ್ತಲೇ ಇದ್ದ. ಕನ್ನಡಕ ಅವನ ಮೂಗಿನ ಮೇಲೆಯೇ ಇತ್ತು. ಸತ್ಯಭಾಮೆ ಮಲಗಿದಲ್ಲಿಂದಲೇ, ಕಣ್ಣನ್ನೂ ತೆರೆಯದೆ, ಇಡೀ ಔತಣವನ್ನು ನಡೆಸಿದಳು. ಅಂಗಳದಲ್ಲಿ ಅವಳ ಗಂಡ ಮುಖ ಕೆಂಪೇರಿಸಿಕೊಂಡು, ಎರಡು ಮನೆಯಾಚೆಗೂ ಕೇಳುವಂತೆ ಕೂಗುತ್ತಿದ್ದ: "ಯಾರೂ ಟೆನ್ಷನ್ ಮಾಡ್ಕೋಬೇಡೀ! ಶಾಂತವಾಗಿರೀ! ಆ ಎಲೆ ಅಲ್ಲಿ ಯಾಕಯ್ಯಾ ಇಟ್ಟೇ!"

ನೆಂಟರು ಬಂದರು, ಲೋಟಗಳೂ ಬಂದವು. ಕೆಲವರು ಒಂದನ್ನು ಕೈಚೀಲದಲ್ಲಿ ಮುಚ್ಚಿಟ್ಟು ತಂದರು. ಕೆಲವರು ನಾಲ್ಕು ಜನರಿಗೆ ಕಾಣಲೆಂದು ಬೆಳ್ಳಿಯ ಲೋಟ ತಂದರು. ಸೋದರಮಾವ ಶೇಖರನ್ ಅಮ್ಮಾವನ್ ಐದು ಅಂತಸ್ತಿನ ಕ್ಯಾರಿಯರನ್ನೇ ಹಿಡಿದು ಬಂದು, "ಮೇಲಿನದು ಲೋಟ ಕಣೋ. ಉಳಿದವು ಅದರ ಜೊತೆಗೆ ಬಂದಿವೆ" ಎಂದರು. ತಂಕಮಣಿ ದೊಡ್ಡದೊಂದು ತಾಮ್ರದ ಚೊಂಬನ್ನು ಸೊಂಟಕ್ಕೆ ಒತ್ತಿ ಹಿಡಿದು, ಬಾವಿಗೆ ಹೊರಟವಳಂತೆ ಗೇಟಿನಲ್ಲಿ ಇಳಿದಳು. ಅದು ತಮ್ಮನ ಮೇಲಿನ ಸಿಟ್ಟಿಗೆ. ಅದರಲ್ಲಿ ಕುಡಿಯಲು ಅವಳಿಂದಲೂ ಆಗುವಂತಿರಲಿಲ್ಲ.

ಏನೂ ತರದವರೂ ಅಷ್ಟೇ ಜನ ಇದ್ದರು. "ತಮಾಷೆಗೆ ಬರೆದಿದ್ದೀರಿ ಅಂದ್ಕೊಂಡ್ವಿ" ಎಂದು ನಕ್ಕರು.

ಅಡುಗೆಯವರು ಮೆಲ್ಲಗೆ, "ಪೇಟೆಯಿಂದ ಕಾಗದದ ಲೋಟ ತರಿಸ್ಲಾ ಸಾರ್?" ಎಂದರು. ಅಚ್ಯುತಂಕುಟ್ಟಿಗೆ ತರಬೇತಿಯ ಬಟ್ಟೆ ಚೀಲ ಕಣ್ಣಮುಂದೆ ಬಂದು ನಿಂತಿತು. ಆಗಲೇ ಅಟ್ಟದ ಮೇಲಿನ ದೊಡ್ಡ ಗೋಣಿಚೀಲದ ನೆನಪಾದದ್ದು. ಅದರ ತುಂಬ ಸ್ಟೀಲು ಪಾತ್ರೆಗಳಿದ್ದವು. ಕೋಣೆಗೆ ಓಡಿದ.

"ಭಾಮೇ, ಅಟ್ಟದ ಮೇಲಿರೋ ಚೀಲ ಇಳಿಸ್ತೀನಿ."

ಸತ್ಯಭಾಮೆ ಆ ಬೆಳಿಗ್ಗೆ ಮೊದಲ ಸಲ ಕಣ್ಣು ತೆರೆದಳು. "ಅದನ್ನ ಮುಟ್ಟಬೇಡಿ. ಅದು ಅಮ್ಮನದು. ಅದರಲ್ಲಿರೋದು..."

"ನೀನು ತಲೆ ಕೆಡಿಸ್ಕೋಬೇಡ! ವ್ಯವಸ್ಥೆ ನಂದು!" ಎನ್ನುತ್ತ ಅವನು ಏಣಿ ಹತ್ತಿಯಾಗಿತ್ತು. ಅವಳು ಒಂದು ಕ್ಷಣ ಯೋಚಿಸಿ, ಮತ್ತೆ ಕಣ್ಣು ಮುಚ್ಚಿದಳು. ವಿಶ್ರಾಂತಿ ಎಂದರೇನೆಂದು ಅವಳಿಗೆ ಆಗತಾನೆ ಅರ್ಥವಾಗತೊಡಗಿತ್ತು.

ಬೂದಿ ಹಾಕಿ ಉಜ್ಜಿದ ಲೋಟ, ಬಟ್ಟಲು, ಹಿಡಿಯಿರುವ ತೂಕುಪಾತ್ರೆಗಳು ಮೇಜಿನ ಮೇಲೆ ಥಳಥಳ ಹೊಳೆದವು. ಪದಿಮುಖದ ಚಕ್ಕೆ ಹಾಕಿ ಕಾಯಿಸಿದ ಕೆಂಪು ನೀರನ್ನು ಅಚ್ಯುತಂಕುಟ್ಟಿ ಸ್ವಂತ ಕೈಯಿಂದ ಹೊಯ್ದ. ಮೊದಲ ಪಂಕ್ತಿ ಕೂತಿತು. ನಡುವೆ ಜರಿಯಂಚಿನ ಹೊಸ ಮುಂಡಿನಲ್ಲಿ ಕುಂಞಿಕ್ಕಾವಮ್ಮ, ಅವರ ಬಲಕ್ಕೆ ಸತ್ಯಭಾಮೆ. ಅವಳ ಎಲೆಯ ಮೇಲೆ ಅನ್ನ ಬಿತ್ತು, ಬೇಳೆ ಬಿತ್ತು, ತುಪ್ಪ ಬಿತ್ತು, ಹಪ್ಪಳ ಮುರಿಯಿತು. ಅಚ್ಯುತಂಕುಟ್ಟಿಯ ಎದೆ ಉಬ್ಬಿತು. ಇನ್ನು ಸಾಂಬಾರು ಮುಗಿದರೆ ಪಾಯಸವೇ.

ಅಷ್ಟರಲ್ಲಿ ತಂಕಮಣಿಗೆ ಬಿಕ್ಕಳಿಕೆ ಬಂತು. ಚೊಂಬನ್ನು ಎತ್ತಲಾರದೆ ಪಕ್ಕದಲ್ಲಿದ್ದ ಸ್ಟೀಲು ಲೋಟ ಎತ್ತಿಕೊಂಡಳು. ಅರ್ಧ ಕುಡಿದು ನಿಲ್ಲಿಸಿದಳು. ಲೋಟವನ್ನು ಕಣ್ಣಿನ ಹತ್ತಿರ ತಂದಳು. ನಮ್ಮ ಕಡೆ ಪಾತ್ರೆ ಕೊಂಡ ಅಂಗಡಿಯಲ್ಲೇ ಅದರ ಕಂಠದ ಮೇಲೆ ಹೆಸರು ಕೊರೆಸುವುದು ರೂಢಿ.

"ಇದು... ಇದು ನಂದು!" ಬಿಕ್ಕಳಿಕೆ ಎಲ್ಲಿ ಹೋಯಿತೋ. "ನೋಡಿ, ಪಿ. ತಂಕಮಣಿ ಅಂತ ಇದೆ! ನನ್ನ ಮದುವೇಲಿ ಬಂದ ಲೋಟ! ಇದನ್ನ ವಿಲಾಸಿನಿ ಹೊಡ್ಕೊಂಡ್ಲು ಅಂತ ನಾನು ಅವಳ ಜೊತೆ ಮಾತೇ ಬಿಟ್ಟಿದ್ದೀನಲ್ರೋ!"

ವಿಲಾಸಿನಿ ಎಂದರೆ ತಂಕಮಣಿಯ ಓರಗಿತ್ತಿ. ಎದುರು ಸಾಲಿನಲ್ಲೇ, ಇತ್ತ ನೋಡದಂತೆ ಕತ್ತು ತಿರುಗಿಸಿ ಉಣ್ಣುತ್ತಿದ್ದಳು. ಆ ಕತ್ತು ಈಗ ನಿಧಾನವಾಗಿ ಈ ಕಡೆ ತಿರುಗಿತು.

ಅಮ್ಮಾವನ್ ತಮ್ಮ ಎದುರಿನ ತೂಕುಪಾತ್ರೆಯನ್ನು ತಲೆಕೆಳಗೆ ಮಾಡಿದರು. ನೀರು ಅವರ ಮಡಿಲಿಗೆ ಬಿದ್ದದ್ದು ಅವರಿಗೆ ಗೊತ್ತಾಗಲಿಲ್ಲ. "ಕೆ. ಶೇಖರನ್! ಇದನ್ನ ರೈಲಲ್ಲಿ ಬಿಟ್ಟುಬಂದ್ರಿ ಅಂತ ನನ್ನ ಹೆಂಡತಿ ಈಗ್ಲೂ ಬಯ್ತಾಳೆ!" ಅಲ್ಲಿಂದ ಮುಂದೆ ಯಾರೂ ಉಣ್ಣಲಿಲ್ಲ. ಎಲ್ಲರೂ ಪಾತ್ರೆ ಎತ್ತಿ ಓದತೊಡಗಿದರು. ಶಾಲೆಯ ಹಾಜರಿಯಂತೆ ಪಂಕ್ತಿಯುದ್ದಕ್ಕೂ ಹೆಸರುಗಳು ಕೇಳಿಬಂದವು. ಕುಟುಂಬದಲ್ಲಿ ಕಳೆದುಹೋಗಿದ್ದ ಪಾತ್ರೆಗಳೆಲ್ಲ ಅಚ್ಯುತಂಕುಟ್ಟಿಯ ಅಂಗಳದಲ್ಲಿ, ಅವನೇ ಬೂದಿ ಹಾಕಿ ತಿಕ್ಕಿದ ಹೊಳಪಿನಲ್ಲಿ, ಎದ್ದು ಬಂದು ಸಾಕ್ಷಿ ಹೇಳುತ್ತಿದ್ದವು.

"ಭಾಮೇ," ಅವನ ದನಿ ಎಲೆಯ ತುದಿಯಲ್ಲಿದ್ದ ಉಪ್ಪಿನಷ್ಟಾಗಿತ್ತು, "ಎದ್ದು ಏನಾದ್ರೂ ಹೇಳು. ನೀನು ಹೇಳಿದ್ರೆ ಕೇಳ್ತಾರೆ."

ಇಷ್ಟು ವರ್ಷ ಇಂಥ ಹೊತ್ತಿನಲ್ಲಿ ಅವಳು ಎದ್ದೇ ಏಳುತ್ತಿದ್ದಳು. ಎದ್ದರೆ ಆ ಎಲೆಗೆ ಮತ್ತೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳು ಸಾಂಬಾರನ್ನದ ಕೊನೆಯ ತುತ್ತನ್ನು ಬಾಯಿಗಿಟ್ಟು ಅಗಿದು ನುಂಗಿದಳು.

"ನಾನು ನೆಮ್ಮದಿ ಕಾಪಾಡ್ಕೋತಿದ್ದೀನಿ ಕುಟ್ಟೇಟ್ಟಾ. ನೀವು ಪಾಯಸ ಬಡಿಸಿ."

"ಕುಟ್ಟಾ, ನಮ್ಮ ಪಾತ್ರೆ ಕದ್ದಿಟ್ಟು ನಮಗೇ ಲೋಟ ತನ್ನಿ ಅಂತೀಯೇನೋ!" ಎಂದು ತಂಕಮಣಿ ಗುಡುಗಿದಳು.

"ಯಾರೇ ಕದ್ದೋರು?" ಕುಂಞಿಕ್ಕಾವಮ್ಮ ಹಪ್ಪಳದ ಚೂರನ್ನು ಅನ್ನದಲ್ಲಿ ಒತ್ತುತ್ತ, ತಲೆಯೆತ್ತದೆ ಕೇಳಿದರು. "ನೀವೇ ತಾನೆ ಅದು ಇದು ತಿಂಡಿ ಹಾಕಿ ಕಳಿಸಿದ್ದು? ತಂದುಕೊಟ್ಟೋರಿಗೆ ಪಾತ್ರೆ ಖಾಲಿ ವಾಪಸ್ ಕಳಿಸೋ ಮನೆಯೇನೇ ಇದು? ಒಳ್ಳೇದೇನಾದ್ರೂ ಮಾಡಿದಾಗ ತುಂಬಿಸಿ ಕಳಿಸೋಣ ಅಂತ ಎತ್ತಿಟ್ಟೆ. ಒಳ್ಳೇದು ಮಾಡೋ ಅಷ್ಟೊತ್ತಿಗೆ ಯಾವ ಪಾತ್ರೆ ಅನ್ನೋದು ಮರೆತುಹೋಗೋದು. ಈಗ ನೆನಪಾಯ್ತಲ್ಲ. ಪಾಯಸ ಇದೆ. ತುಂಬಿಸ್ಕೊಂಡು ಹೋಗಿ."

ಇದಕ್ಕೆ ಎದುರಾಡುವ ಹಾಗಿರಲಿಲ್ಲ. ಯಾಕೆಂದರೆ ಅದೇ ಕಾರಣಕ್ಕೆ ಎತ್ತಿಟ್ಟ ಪಾತ್ರೆಗಳು ಅಲ್ಲಿದ್ದ ಪ್ರತಿಯೊಬ್ಬರ ಮನೆಯಲ್ಲೂ ಇದ್ದವು. ಮೊದಲು ಅಮ್ಮಾವನ್ ನಕ್ಕರು. ಆಮೇಲೆ ಇಡೀ ಪಂಕ್ತಿ ನಕ್ಕಿತು. ತಂಕಮಣಿ ಎಂಜಲುಗೈಯಲ್ಲೇ ಎದ್ದು ಹೋಗಿ ವಿಲಾಸಿನಿಯ ಮುಂದೆ ನಿಂತಳು. "ವಿಲಾಸಿನೀ, ನಾನೊಬ್ಳು ಕತ್ತೆ ಕಣೇ." "ಅದು ನಂಗೆ ಆವತ್ತೇ ಗೊತ್ತಿತ್ತು ಚೇಚೀ" ಎಂದಳು ವಿಲಾಸಿನಿ. ಇಬ್ಬರೂ ತಬ್ಬಿಕೊಂಡು ಅತ್ತರು. ಅದನ್ನು ನೋಡಿ ಅಚ್ಯುತಂಕುಟ್ಟಿಯೂ ಹೆಗಲ ಮೇಲಿನ ಬಟ್ಟೆಯಿಂದ ಕಣ್ಣೊರೆಸಿಕೊಳ್ಳತೊಡಗಿದ.

"ಪಾಯಸ!" ಎಂದಳು ಸತ್ಯಭಾಮೆ.

ಅವನು ತಾನೇ ಸೌಟು ಹಿಡಿದು ಬಂದ. ಬೆಲ್ಲ, ತೆಂಗಿನಹಾಲು, ಏಲಕ್ಕಿಯ ಪರಿಮಳದ ಅಡಪ್ರಥಮನ್ ಅವಳ ಎಲೆಗೆ ಬಿತ್ತು, ಹೊಗೆ ಎದ್ದಿತು. ಅವಳು ಅದರಲ್ಲಿ ಬಾಳೆಹಣ್ಣು ಹಿಸುಕಿ, ಹಪ್ಪಳ ಪುಡಿ ಮಾಡಿ, ಎರಡು ಸಲ ಬಡಿಸಿಕೊಂಡು, ಎಲೆ ಬಳಿದು ತಿಂದಳು. ಎದ್ದಾಗ ಅವಳ ಮುಖದಲ್ಲಿದ್ದ ಕಳೆಯನ್ನು ಮದುವೆಯ ದಿನವೂ ಅವನು ಕಂಡಿರಲಿಲ್ಲ.

ಸಂಜೆ ನೆಂಟರೆಲ್ಲ ತಮ್ಮ ತಮ್ಮ ಹೆಸರಿನ ಹಳೆಯ ಪಾತ್ರೆಗಳಲ್ಲಿ ತುಳುಕುವಷ್ಟು ಪಾಯಸ ಹಿಡಿದು ಹೊರಟರು. ಅಚ್ಯುತಂಕುಟ್ಟಿ ಕೊನೆಯ ಪಂಕ್ತಿಯಲ್ಲಿ ಒಬ್ಬನೇ ಕೂತ. ಎಲೆಯ ಮೇಲೆ ಆರಿದ ಅನ್ನ, ಮಜ್ಜಿಗೆ, ಒಂದು ಮಿಡಿ ಉಪ್ಪಿನಕಾಯಿ ಇದ್ದವು. ಪಾಯಸ? ಅಡುಗೆಯವರು ಹಂಡೆಯನ್ನು ಬೋರಲು ಹಾಕಿ ತೋರಿಸಿದರು. ಹೋಗಲಿ, ಎಲೆಗಳು ಹಸುಗಳ ಪಾಲಾಗಿದ್ದವು, ಅಂಗಳದಲ್ಲಿ ಒಂದು ಹಿಡಿ ಕಸವಿರಲಿಲ್ಲ, ಹೆಂಡತಿ ತಲೆ ಸುತ್ತಿ ಬೀಳದೆ ಆರಾಮಕುರ್ಚಿಯಲ್ಲಿ ತೇಗುತ್ತಿದ್ದಳು. ಗೆದ್ದೆ ಎಂದುಕೊಂಡು ಅವನು ಮೇಜು ಒರೆಸಲು ಹೋದ.

ಮೇಜುಗಳ ಮೇಲೆ, ಜಗಲಿಯ ಮೇಲೆ, ಬಾವಿಕಟ್ಟೆಯ ಮೇಲೆ, ನೆಂಟರು ಭೂಮಿಯ ಹಿತದೃಷ್ಟಿಯಿಂದ ಮನೆಯಿಂದ ತಂದಿದ್ದ ಲೋಟಗಳೆಲ್ಲ ಹಾಗೇ ಕೂತಿದ್ದವು. ಪಾಪ, ಅವರಾದರೂ ಏನು ಮಾಡಿಯಾರು? ಒಂದು ಕೈಯಲ್ಲಿ ಪಾಯಸ, ಇನ್ನೊಂದರಲ್ಲಿ ಕೊಡೆ. ಅಮ್ಮಾವನ್ ಅವರ ಕ್ಯಾರಿಯರ್ ಐದಂತಸ್ತಾಗಿಯೇ ನಿಂತಿತ್ತು. ಪಕ್ಕದಲ್ಲಿ ತಂಕಮಣಿಯ ತಾಮ್ರದ ಚೊಂಬು.

"ಅದಕ್ಕೇನಂತೆ, ನಾಳೆ ಆಟೋದಲ್ಲಿ ಹಾಕ್ಕೊಂಡು ಹೋಗಿ ಎಲ್ಲರ ಮನೆಗೂ ಕೊಟ್ಟು ಬರ್ತೀನಿ" ಎಂದ ಅಚ್ಯುತಂಕುಟ್ಟಿ.

ಒಳಗಿನಿಂದ ಎಂಬತ್ತನಾಲ್ಕರ ದನಿಯೊಂದು ಕೇಳಿತು.

"ಖಾಲಿ?"

ಮುಂದಿನ ಭಾನುವಾರ ಬೆಳಿಗ್ಗೆ ಅಚ್ಯುತಂಕುಟ್ಟಿ ಪಂಚೆ ಮೇಲಕ್ಕೆ ಕಟ್ಟಿ, ಕಣ್ಣಿಗೆ ಹೊಗೆ ತುಂಬಿಕೊಂಡು, ತಳ ಹಿಡಿಯದಂತೆ ಪಾಯಸ ತಿರುವುತ್ತಿದ್ದ. ಅಡುಗೆಮನೆಯ ಹೊಸಿಲಾಚೆ, ಒಂದು ಬೆರಳೂ ಒಳಗಿಡದಂತೆ, ಸತ್ಯಭಾಮೆ ಆರಾಮಕುರ್ಚಿ ಹಾಕಿಸಿಕೊಂಡಿದ್ದಳು.

"ಟೆನ್ಷನ್ ಮಾಡ್ಕೋಬೇಡಿ ಕುಟ್ಟೇಟ್ಟಾ. ಉಸಿರು ಎಳ್ಕೊಳ್ಳಿ, ಬಿಡಿ. ಮೊದಲ್ನೇ ಸೌಟು ಇಲ್ಲಿಗೆ ತನ್ನಿ, ಬಿಸಿ ಇರೋವಾಗ್ಲೇ."

ಅವನು ಹಾಕಿಕೊಡಲು ಲೋಟ ಹುಡುಕಿದ. ಸ್ವಂತ ಹೆಸರಿನದು ಮನೆಯಲ್ಲಿ ಒಂದೂ ಸಿಗಲಿಲ್ಲ. ಅವೆಲ್ಲ ಯಾರ್ಯಾರ ಅಟ್ಟದಲ್ಲಿ ಒಳ್ಳೆಯ ದಿನಕ್ಕಾಗಿ ಕಾಯುತ್ತಿದ್ದವೋ. ಕೊನೆಗೆ ತಂಕಮಣಿಯ ಚೊಂಬಿನಲ್ಲೇ ಹಾಕಿ ತಂದುಕೊಟ್ಟ. ಸತ್ಯಭಾಮೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ಊದಿ ಊದಿ, ತಳದವರೆಗೂ ಕುಡಿದಳು.